ಲದ್ದಿಯೊಳಗಿನ ಲೆಕ್ಕ

ವೆಟರ್ನರಿ ಓದುತ್ತಿದ್ದೇನೆ ಎಂದರೆ ನೆಂಟರು ‘ನಾಯಿ ಡಾಕ್ಟ್ರಾ?’ ಎನ್ನುತ್ತಾರೆ. ಇಂಟರ್ನ್‌ಶಿಪ್‌ನಲ್ಲಿ ನನ್ನ ಬೆಳಗು ಕುದುರೆ ಲದ್ದಿಯಿಂದ ಶುರುವಾಗುತ್ತಿತ್ತು ಎಂದು ಅವರಿಗೆ ಇನ್ನೂ ಹೇಳಿಲ್ಲ.

ಮೈಸೂರಿನ ಟಾಂಗಾ ಕುದುರೆಗಳವು. ಮೇಯುವ ಕುದುರೆಯ ಕರುಳಿನಲ್ಲಿ ಹುಳ ಇದ್ದೇ ಇರುತ್ತದೆ. ಮೊಟ್ಟೆ ಲದ್ದಿಯ ಜೊತೆ ಹೊರಬಿದ್ದು, ಮರಿಹುಳವಾಗಿ ಹುಲ್ಲಿಗೆ ಹತ್ತಿ, ಮತ್ತೆ ಹೊಟ್ಟೆ ಸೇರುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಲಾಯದ ಎಲ್ಲ ಕುದುರೆಗೂ ಔಷಧಿ ಕುಡಿಸಿಬಿಡುವುದು ಹಳೇ ರೂಢಿ.

ನಾವು ಮೊದಲು ಎಣಿಸುತ್ತಿದ್ದೆವು. 4 ಗ್ರಾಂ ತಾಜಾ ಲದ್ದಿಯನ್ನು 56 ಮಿಲಿ ಗಟ್ಟಿ ಉಪ್ಪುನೀರಿನಲ್ಲಿ ಕದಡಿ, ಸೋಸಿ, ಮ್ಯಾಕ್‌ಮಾಸ್ಟರ್ ಸ್ಲೈಡಿಗೆ ತುಂಬಿದರೆ ಮೊಟ್ಟೆಗಳು ಮೇಲೆ ತೇಲುತ್ತವೆ. ಎರಡೂ ಮನೆಗಳಲ್ಲಿ ಕಂಡ ಮೊಟ್ಟೆಗಳನ್ನು ಕೂಡಿ 50ರಿಂದ ಗುಣಿಸಿದರೆ ಗ್ರಾಂಗೆ ಎಷ್ಟೆಂದು ಸಿಗುತ್ತದೆ. ವಾಸನೆ ಎರಡು ದಿನಕ್ಕೆ ಒಗ್ಗುತ್ತದೆ, ನಂಬಿ.

ಒಬ್ಬ ಚಾಚಾ ತಮ್ಮ ಬಡಕಲು ಕುದುರೆಗೆ ಹುಳವೇ ಎಂದು ತೀರ್ಮಾನಿಸಿದ್ದರು. ಲೆಕ್ಕ ಬಂದಿದ್ದು 50. ಪಕ್ಕದ ಲಾಯದ, ಮೈ ಮಿರಮಿರ ಮಿಂಚುವ ಕುದುರೆಯದು 1,150!

‘ಅದಲು ಬದಲು ಆಯ್ತೇನೋ ಡಾಕ್ಟ್ರಮ್ಮ’ ಎಂದರು.

‘ಇನ್ನೊಮ್ಮೆ ನೋಡೋಣ ಚಾಚಾ’ ಎಂದು ಅವರೆದುರೇ ಎಣಿಸಿದೆ. ಹೆಚ್ಚು ಕಡಿಮೆ ಅಷ್ಟೇ ಬಂತು. ಬಡಕಲು ಕುದುರೆಯ ಬಾಯಿ ತೆರೆಸಿದಾಗ ದವಡೆ ಹಲ್ಲುಗಳ ಅಂಚು ಚೂಪಾಗಿ ಕೆನ್ನೆ ಕೊರೆದಿತ್ತು. ಪಾಪ, ತಿಂದ ಹುರುಳಿ ಅರ್ಧ ಉದುರುತ್ತಿತ್ತು. ಅದಕ್ಕೆ ಬೇಕಿದ್ದದ್ದು ಅರ, ಔಷಧಿಯಲ್ಲ.

ದೊಡ್ಡ ಕುದುರೆಗಳಲ್ಲಿ ಸುಮಾರು ಶೇ 80ರಷ್ಟು ಮೊಟ್ಟೆ ಹಾಕುವುದು ಶೇ 20ರಷ್ಟು ಕುದುರೆಗಳು. ಎಲ್ಲಕ್ಕೂ ಪದೇ ಪದೇ ಕುಡಿಸಿದರೆ ಔಷಧಿಗೆ ಬಗ್ಗುವ ಹುಳ ಸತ್ತು, ಬಗ್ಗದ್ದು ಮಾತ್ರ ಉಳಿದು ಬೆಳೆಯುತ್ತದೆ. ಹಾಗೆಂದು ಪೂರ್ತಿ ಬಿಡುವಂತೆಯೂ ಇಲ್ಲ. ವರ್ಷಕ್ಕೆ ಒಂದೆರಡು ಸಲ ಎಲ್ಲಕ್ಕೂ ಬೇಕು. ಮರಿಗಳ ಲೆಕ್ಕವೇ ಬೇರೆ, ದುಂಡುಹುಳ ಅವುಗಳ ಕರುಳನ್ನೇ ಕಟ್ಟಿಬಿಡಬಹುದು.

ಮಿಂಚುವ ಕುದುರೆಗೆ ಮಾಲೀಕರು ತಂದಿಟ್ಟಿದ್ದ ಫೆನ್‌ಬೆಂಡಜೋಲನ್ನೇ ತೂಕ ನೋಡಿ ಕೊಟ್ಟೆವು. 14 ದಿನ ಬಿಟ್ಟು ಎಣಿಸಿದರೆ 900. ಅವರು ವರ್ಷಗಳಿಂದ ದುಡ್ಡು ಸುರಿದಿದ್ದು ಈ ಪುಡಿಗೇ. ಐವರ್‌ಮೆಕ್ಟಿನ್ ಕೊಟ್ಟು ಮತ್ತೆ 14 ದಿನ ಕಾದೆವು. ಸ್ಲೈಡಿನಲ್ಲಿ ಒಂದೂ ಇರಲಿಲ್ಲ.

ಐವರ್‌ಮೆಕ್ಟಿನ್‌ಗೂ ಬಗ್ಗದ ಹುಳಗಳು ಕೆಲವು ದೇಶಗಳಲ್ಲಿ ಕಾಣಿಸಿಕೊಂಡಿವೆ. ಅದನ್ನು ಹೇಳಿದಾಗ ಆ ಮಾಲೀಕರು ಕೇಳಿದ್ದು ಒಂದೇ: ‘ಮೇಯೋ ಜಾಗದ ಲದ್ದಿ ವಾರಕ್ಕೆ ಎಷ್ಟು ಸಲ ಎತ್ತಬೇಕು?’

ಎರಡು ಸಲ ಎಂದೆ. ಚಾಚಾ ಆಗಲೇ ಬುಟ್ಟಿ ಹುಡುಕುತ್ತಿದ್ದರು.