ಉಸಿರಿನ ಲೆಕ್ಕದೊಳಗೆ ಹೊಕ್ಕ ಜನಾಂಗ

ಭಟ್ಕಳದ ಪಕ್ಕದ ಮುಟ್ಟಳ್ಳಿಯಿಂದ ದಮ್ಮಿನ ರೋಗಿಯೊಬ್ಬರು ಮಣಿಪಾಲಕ್ಕೋ ಮಂಗಳೂರಿಗೋ ಹೋದರೆ, ಅಲ್ಲಿ ಸ್ಪೈರೋಮೀಟರಿನ ಕೊಳವೆ ಬಾಯಿಗಿಟ್ಟು ಜೋರಾಗಿ ಊದಿಸುತ್ತಾರೆ. ಅದಕ್ಕೂ ಮೊದಲು ಯಂತ್ರಕ್ಕೆ ವಯಸ್ಸು, ಎತ್ತರ, ಹೆಣ್ಣೋ ಗಂಡೋ ಎಂಬುದನ್ನು ತುಂಬಬೇಕು. ಅನೇಕ ಯಂತ್ರಗಳು ಇನ್ನೊಂದನ್ನೂ ಕೇಳುತ್ತವೆ: ಜನಾಂಗ ಯಾವುದು? ಈ ಪ್ರಶ್ನೆ ರೋಗಿಯ ಕಣ್ಣಿಗೆ ಬೀಳುವುದೇ ಇಲ್ಲ. ಉತ್ತರ ಮಾತ್ರ ವರದಿಯನ್ನೇ ಬದಲಿಸಿಬಿಡುತ್ತದೆ.

ಬಿಳಿಯರಿಗಿಂತ ಏಷ್ಯಾದವರ ಶ್ವಾಸಕೋಶದ ಅಳತೆ ಶೇ 4ರಿಂದ 6, ಕಪ್ಪುವರ್ಣೀಯರದ್ದು ಶೇ 10ರಿಂದ 15 ಕಡಿಮೆ ಇದ್ದರೂ ಸರಿಯೇ ಎಂಬುದು ದಶಕಗಳಿಂದ ನಡೆದುಬಂದ ತಿದ್ದುಪಡಿ. ಒಬ್ಬರು 3 ಲೀಟರ್ ಊದಿದರೆನ್ನಿ. ಬಿಳಿಯರ ಲೆಕ್ಕದಲ್ಲಿ 4 ಲೀಟರ್ ಬರಬೇಕಿತ್ತು. ಬಂದದ್ದು ಶೇ 75. ರೂಢಿಯ 80ರ ಗೆರೆಗಿಂತ ಕೆಳಗೆ, ಹಾಗಾಗಿ ರೋಗ. ಕಪ್ಪುವರ್ಣೀಯರೆಂದು ನಮೂದಿಸಿದರೆ ಬರಬೇಕಾದದ್ದೇ 3.4 ಲೀಟರಿಗೆ ಇಳಿಯುತ್ತದೆ. ಅದೇ ಉಸಿರು ಈಗ ಶೇ 88, ‘ನಾರ್ಮಲ್’.

ಈ ತಿದ್ದುಪಡಿಯ ಬೇರು ಗುಲಾಮಗಿರಿಯಲ್ಲಿದೆ. ಜಾನ್ ಹಚಿನ್ಸನ್ 1840ರ ದಶಕದಲ್ಲಿ ಲಂಡನ್ನಿನಲ್ಲಿ ಸ್ಪೈರೋಮೀಟರನ್ನು ಬಳಕೆಗೆ ತಂದ. 1851ರಲ್ಲಿ ಅಮೆರಿಕದ ಲೂಸಿಯಾನಾದ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಕರಿಯರ ಶ್ವಾಸಕೋಶದ ಸಾಮರ್ಥ್ಯ ಶೇ 20ರಷ್ಟು ಕಡಿಮೆಯೆಂದು ಬರೆದು, ದುಡಿಸಿಕೊಳ್ಳುವುದೇ ಅವರಿಗೆ ಒಳ್ಳೆಯದೆಂದು ವಾದಿಸಿದ. ನಿಜದಲ್ಲಿ ಹೊಟ್ಟೆಗಿಲ್ಲದ ಬಾಲ್ಯ, ಸೌದೆ ಒಲೆಯ ಹೊಗೆ, ಧೂಳಿನ ಕೆಲಸ ಇವೆಲ್ಲ ಶ್ವಾಸಕೋಶವನ್ನು ಕುಗ್ಗಿಸುತ್ತವೆ. ಆ ಕುಗ್ಗುವಿಕೆಯನ್ನು ಹುಟ್ಟುಗುಣವೆಂದು ಲೆಕ್ಕಕ್ಕೆ ಹಿಡಿದರೆ ಬಡತನ ಮಾಡಿದ ಗಾಯ ವರದಿಯಲ್ಲಿ ಕಾಣುವುದೇ ಇಲ್ಲ. ವೈದ್ಯರ ಮನಸ್ಸಿನಲ್ಲಿ ಎಳ್ಳಷ್ಟೂ ದ್ವೇಷವಿಲ್ಲದಿದ್ದರೂ ಅನ್ಯಾಯ ನಡೆದುಹೋಗುತ್ತದೆ. ಸಾಂಸ್ಥಿಕ ವರ್ಣಭೇದವೆಂದರೆ ಇದೇ.

ನಮ್ಮ ಉತ್ತರ ಕನ್ನಡದಲ್ಲೇ ಈ ಲೆಕ್ಕ ಮುರಿದುಬೀಳುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾದ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿಗಳಿದ್ದಾರೆ. ಹೈದರಾಬಾದಿನ ಜೀವಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸಿದ್ದಿಗಳ ವಂಶವಾಹಿಯಲ್ಲಿ ಆಫ್ರಿಕಾದ ಪಾಲೇ ಹೆಚ್ಚು. ಜೊತೆಗೆ ಭಾರತೀಯ, ಯುರೋಪಿನ ಪಾಲೂ ಬೆರೆತಿದೆ. ತಲೆಮಾರುಗಳಿಂದ ಇಲ್ಲಿಯದೇ ಅನ್ನ, ನೀರು, ಹೊಗೆ. ಅವರಿಗೆ ಪರದೆಯ ಮೇಲೆ ಯಾವ ಗುಂಡಿ ಒತ್ತಬೇಕು? ಮೈಬಣ್ಣ ನೋಡಿ ಒತ್ತಿದರೆ ಕಾರ್ಟ್‌ರೈಟನ ಲೆಕ್ಕವೇ ಮುಂದುವರಿದಂತೆ.

  

ಮೂತ್ರಪಿಂಡ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಅಂದಾಜಿಸುವ ಸೂತ್ರದಲ್ಲೂ ಇದೇ ಕಥೆ. ಅಮೆರಿಕದಲ್ಲಿ ಕಪ್ಪುವರ್ಣೀಯರ ಫಲಿತಾಂಶವನ್ನು ಸುಮಾರು ಶೇ 16ರಷ್ಟು ಏರಿಸಿ ತೋರಿಸುತ್ತಿದ್ದರು. ಮೂತ್ರಪಿಂಡ ಕಸಿಯ ಸರದಿಗೆ ಸೇರುವುದು ಅವರಿಗೆ ಅಷ್ಟು ತಡವಾಗುತ್ತಿತ್ತು. 2021ರಲ್ಲಿ ಆ ಗುಣಕವನ್ನು ಕೈಬಿಡುವಂತೆ ತಜ್ಞರು ಹೇಳಿದರು. ತಪ್ಪು ಸೂತ್ರದಲ್ಲಷ್ಟೇ ಅಲ್ಲ, ಸಾಧನದಲ್ಲೂ ಇರಬಹುದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಬೆಳಕು ಹಾಯಿಸಿ ಅಳೆಯುವ ಸಾಧನ, ಆ ಬೆಳಕನ್ನು ಚರ್ಮದ ಮೆಲನಿನ್ ಹೀರುತ್ತದೆ. ಆಮ್ಲಜನಕ ಕುಸಿದದ್ದು ಅದರ ಕಣ್ತಪ್ಪುವ ಸಂಭವ ಬಿಳಿಯರಿಗಿಂತ ಕಪ್ಪುವರ್ಣೀಯರಲ್ಲಿ ಸುಮಾರು ಮೂರು ಪಟ್ಟು ಎಂದು 2020ರ ಅಮೆರಿಕದ ಅಧ್ಯಯನ ತೋರಿಸಿತು. ಕೋವಿಡ್ ಕಾಲದಲ್ಲಿ ನಮ್ಮ ಮನೆಮನೆಗೂ ಬಂದದ್ದು ಇದೇ ಸಾಧನ. ಬಿಸಿಲಲ್ಲಿ ದುಡಿದು ಕಪ್ಪಾದ ಕರಾವಳಿಯ ಬೆರಳುಗಳಿಗೆ ಇದು ದೂರದ ಸುದ್ದಿಯಲ್ಲ.

ಅಮೆರಿಕದ ಥೊರಾಸಿಕ್ ಸೊಸೈಟಿ 2023ರಲ್ಲಿ ಸ್ಪೈರೋಮೀಟರಿಗೆ ಜನಾಂಗ ಕೇಳದ ಹೊಸ ಸೂತ್ರವನ್ನೇ ಬಳಸಿ ಎಂದಿದೆ. ಕಾರವಾರದ ವೈದ್ಯಕೀಯ ಕಾಲೇಜಿನಿಂದ ಹಿಡಿದು ತಾಲ್ಲೂಕು ಆಸ್ಪತ್ರೆಗಳವರೆಗೆ ಎಲ್ಲೆಲ್ಲಿ ಈ ಯಂತ್ರವಿದೆಯೋ ಅಲ್ಲೆಲ್ಲ ಅದು ಜಾರಿಗೆ ಬರಬೇಕು. ನೀವು ಊದಲು ಹೋದಾಗ ಯಾವ ಸೂತ್ರ ಹಾಕಿದ್ದಾರೆಂದು ಕೇಳಿ. ಹಳೆಯ ವರದಿಗಳನ್ನು ಎತ್ತಿಡಿ. ಶೇಕಡಾವಾರು ಅಂಕಿಗಿಂತ ನಿಮ್ಮದೇ ಲೀಟರುಗಳು ವರ್ಷದಿಂದ ವರ್ಷಕ್ಕೆ ಇಳಿಯುತ್ತಿವೆಯೇ ಎಂದು ವೈದ್ಯರಿಂದ ನೋಡಿಸಿ. ಏದುಸಿರು ಬರುತ್ತಿದ್ದರೆ ಆಕ್ಸಿಮೀಟರ್ ಎಷ್ಟು ತೋರಿಸಿದರೂ ಆಸ್ಪತ್ರೆಗೆ ಹೋಗಿ.