ಪಾಸ್‌ವರ್ಡ್ ಅಂಗಡಿಯಲ್ಲಿ ಬಿಟ್ಟು ಬರಬೇಡಿ

ಹೋದ ಮುಂಗಾರಿನಲ್ಲಿ ಶೇಂಗಾ ವಿಮೆಯ ರಸೀದಿ ತೆಗೆಸಲು ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ. ರಸೀದಿ ನನ್ನ ಜಿಮೇಲ್‌ನಲ್ಲಿತ್ತು. ಪಾಸ್‌ವರ್ಡ್ ಹಾಕಿದ ಕೂಡಲೇ ಕ್ರೋಮ್ 'ಸೇವ್' ಮಾಡಲೇ ಎಂದು ಕೇಳಿತು. ಗೊತ್ತಿಲ್ಲದೆ ಒತ್ತಿಬಿಟ್ಟೆ. ಲಾಗ್ ಔಟ್ ಮಾಡಿಯೇ ಬಂದೆ. ತಿಂಗಳ ನಂತರ ಹೋದರೆ ನನ್ನ ಇಮೇಲ್ ವಿಳಾಸ, ಪಾಸ್‌ವರ್ಡ್ ಎರಡೂ ತಾವೇ ತುಂಬಿಕೊಂಡು ಕೂತಿದ್ದವು! ಯಾರು ಬೇಕಾದರೂ ಒಳಗೆ ಹೋಗಬಹುದಿತ್ತು.

ಲಾಗ್ ಔಟ್ ಎಂದರೆ ಮನೆಗೆ ಬೀಗ ಹಾಕಿದ ಹಾಗೆ. ಸೇವ್ ಎಂದರೆ ಬೀಗದ ಕೈಯನ್ನು ಅಲ್ಲೇ ಗೂಟಕ್ಕೆ ನೇತುಹಾಕಿದ ಹಾಗೆ.

ಅಳಿಸುವುದು ಸುಲಭ. ಕ್ರೋಮ್‌ನ ಮೂಲೆಯಲ್ಲಿ ಮೂರು ಚುಕ್ಕಿಗಳಿವೆ. ಅದನ್ನು ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ 'ಪಾಸ್‌ವರ್ಡ್ ಮ್ಯಾನೇಜರ್' ಹುಡುಕಬೇಕು. ಸೇವ್ ಆದವುಗಳ ಪಟ್ಟಿ ಬರುತ್ತದೆ. ಬೇಡವಾದದ್ದನ್ನು ತೆರೆದು 'ಡಿಲೀಟ್' ಒತ್ತಿದರಾಯಿತು.

ಆದರೆ ಅಷ್ಟಕ್ಕೇ ಸುಮ್ಮನಾಗಬೇಡಿ. ಅಳಿಸಿದರೆ ಪಾಸ್‌ವರ್ಡ್ ಬದಲಾಗುವುದಿಲ್ಲ. ಅಷ್ಟರಲ್ಲಿ ಯಾರಾದರೂ ನೋಡಿಕೊಂಡಿದ್ದರೆ? ನಾನು ಮನೆಗೆ ಬಂದು ನನ್ನ ಫೋನಿನಲ್ಲೇ ಹೊಸ ಪಾಸ್‌ವರ್ಡ್ ಮಾಡಿಕೊಂಡೆ. ಜಿಮೇಲ್ ಕೈತಪ್ಪಿದರೆ ಅದಕ್ಕೆ ಜೋಡಿಸಿದ ಬೇರೆ ಖಾತೆಗಳ ಪಾಸ್‌ವರ್ಡನ್ನೂ ಬದಲಿಸಿಬಿಡಬಹುದು.

ಸ್ವಂತ ಫೋನಿನಲ್ಲಿ ಸೇವ್ ಮಾಡಿಕೊಳ್ಳಲು ಅಡ್ಡಿಯಿಲ್ಲ, ಮರೆವಿಗೆ ಒಳ್ಳೆಯದೇ. ಆದರೆ ಸ್ಕ್ರೀನ್ ಲಾಕ್ ಇರಲೇಬೇಕು. ಪರರ ಕಂಪ್ಯೂಟರಿನಲ್ಲಿ ಮೂರು ಚುಕ್ಕಿ ಒತ್ತಿ 'ಇನ್‌ಕಾಗ್ನಿಟೊ' ಕಿಟಕಿ ತೆರೆಸಿ ಕೆಲಸ ಮಾಡಿ, ಮುಗಿದ ಮೇಲೆ ಮುಚ್ಚಿ. 'ಸೇವ್' ಎಂದು ಕೇಳಿದರೆ 'ನೆವರ್' ಒತ್ತಿ. ಇಂಗ್ಲಿಷ್ ಬಾರದಿದ್ದರೆ ನಾಚಿಕೆ ಬೇಡ, ಒತ್ತುವ ಮೊದಲು ಕೇಳಿ. ನಾನು ಕೇಳದೆ ಒತ್ತಿದ್ದೇ ತಪ್ಪಾಯಿತು.