ಪಂಚಾಯಿತಿ ಬಾಗಿಲಿನಿಂದ ತೋಟದ ಮನೆಗೆ

ನಾರು ಎಂಬುದು ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಹೊಸ ವಸ್ತುವೇನೂ ಅಲ್ಲ. ತೆಂಗಿನ ನಾರನ್ನು ಹೊಸೆದು ಹಗ್ಗ ಮಾಡಿ, ಆ ಹಗ್ಗದಿಂದ ದನ ಕಟ್ಟಿ, ಬಾವಿಯ ನೀರು ಸೇದಿ ಬಾಳಿದವರು ನಾವು. ಈಗ ಕೆಲವು ವರ್ಷಗಳಿಂದ ನಮ್ಮ ರಸ್ತೆಗಳ ಮಗ್ಗುಲಲ್ಲಿ ಇನ್ನೊಂದು ಬಗೆಯ ನಾರು ಬಂದು ಮಲಗಿದೆ. ಅದು ಗಾಜಿನ ನಾರು. ತೆಂಗಿನ ನಾರು ಭಾರವನ್ನು ಹೊತ್ತರೆ ಇದು ಬೆಳಕನ್ನು ಹೊರುತ್ತದೆ. ಆ ಬೆಳಕಿನಲ್ಲಿ ಮಾತು, ಅಕ್ಷರ, ಚಿತ್ರ, ಲೆಕ್ಕಪತ್ರ ಎಲ್ಲವೂ ಅಡಗಿರುತ್ತವೆ. ಇದನ್ನು ಜನರು ‘ಫೈಬರ್’ ಎಂದು ಕರೆಯುತ್ತಾರೆ. ಈ ಫೈಬರ್ ಎಂದರೇನು, ನಮ್ಮ ಹಳ್ಳಿಗಳವರೆಗೆ ಅದು ಹೇಗೆ ಬಂತು, ಎಲ್ಲಿ ನಿಂತಿತು, ಇನ್ನೆಲ್ಲಿಗೆ ಹೋಗಬೇಕಾಗಿದೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಬೆಳಕು ನೇರವಾಗಿ ಚಲಿಸುತ್ತದೆ ಎಂದು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಹಾಗಾದರೆ ಬಾಗಿದ ನಾರಿನೊಳಗೆ ಅದು ಹೇಗೆ ಸಾಗೀತು? ತೋಟದ ಬಾವಿಯಲ್ಲಿ ಈಜಿದವರಿಗೆ ಇದರ ಉತ್ತರ ಸುಲಭವಾಗಿ ತಿಳಿಯುವುದು. ನೀರಿನಲ್ಲಿ ಮುಳುಗಿ ಓರೆಯಾಗಿ ಮೇಲಕ್ಕೆ ನೋಡಿದರೆ ನೀರಿನ ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತದೆ. ಅಂದರೆ ಒಳಗಿನ ಬೆಳಕು ಹೊರಗೆ ಹೋಗದೆ ಒಳಕ್ಕೇ ಹಿಂದಿರುಗುತ್ತದೆ. ಇದೇ ಪೂರ್ಣ ಆಂತರಿಕ ಪ್ರತಿಫಲನ. 1854ರಲ್ಲಿ ಜಾನ್ ಟಿಂಡಾಲ್ ಎಂಬ ವಿಜ್ಞಾನಿ ಸುರಿಯುವ ನೀರಿನ ಧಾರೆಯ ಬಾಗಿನಲ್ಲಿಯೇ ಬೆಳಕು ಬಾಗಿ ಬರುವುದನ್ನು ಲಂಡನ್ನಿನಲ್ಲಿ ತೋರಿಸಿದನು. ನೂರು ವರ್ಷಗಳ ಅನಂತರ, 1954ರಲ್ಲಿ, ಪಂಜಾಬಿನಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿಯವರು ತಮ್ಮ ಗುರು ಹಾಪ್‌ಕಿನ್ಸ್ ಅವರೊಡನೆ ಗಾಜಿನ ನಾರುಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿದ ವಿಷಯವನ್ನು ಪ್ರಕಟಿಸಿದರು.

ಆದರೆ ಅಂದಿನ ಗಾಜು ಕೆಲವೇ ಮೀಟರುಗಳಲ್ಲಿ ಬೆಳಕನ್ನು ನುಂಗಿಬಿಡುತ್ತಿತ್ತು. ದೋಷವು ಗಾಜಿನದಲ್ಲ, ಅದರೊಳಗಿನ ಕಲ್ಮಶದ್ದು ಎಂದು 1966ರಲ್ಲಿ ತೋರಿಸಿಕೊಟ್ಟವರು ಚಾರ್ಲ್ಸ್ ಕಾವೊ. ಒಂದು ಕಿಲೋಮೀಟರು ಸಾಗಿದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಸಾಕು, ದೂರಸಂಪರ್ಕ ಸಾಧ್ಯ ಎಂಬುದು ಅವರ ಲೆಕ್ಕ. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ವಿಜ್ಞಾನಿಗಳು ಅಂತಹ ಗಾಜನ್ನು ತಯಾರಿಸಿದರು. ಕಾವೊ ಅವರಿಗೆ 2009ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಇಂದಿನ ಗಾಜಿನಲ್ಲಿ 15 ಕಿಲೋಮೀಟರು ಹೋದ ಮೇಲೂ ಅರ್ಧದಷ್ಟು ಬೆಳಕು ಉಳಿದಿರುತ್ತದೆ. ತಿಪಟೂರಿನಿಂದ ತುರುವೇಕೆರೆಗೆ 30 ಕಿಲೋಮೀಟರಿನ ಆಸುಪಾಸು. ಇಲ್ಲಿ ಹೊತ್ತಿಸಿದ ದೀಪದ ಕಾಲು ಭಾಗ ಬೆಳಕು ನಡುವೆ ಯಾವ ಆಸರೆಯೂ ಇಲ್ಲದೆ ಅಲ್ಲಿ ಕಾಣುವುದೆಂದರೆ ಆಶ್ಚರ್ಯವಲ್ಲವೆ?

ಹಳೆಯ ಟೆಲಿಫೋನಿನ ತಾಮ್ರದ ತಂತಿಗೆ ಈ ಶಕ್ತಿಯಿಲ್ಲ. ಮಾತಿಗೆ ಅದು ಸಾಕಾಗಿತ್ತು. ಅದರ ಮೇಲೆಯೇ ಇಂಟರ್‌ನೆಟ್ಟನ್ನು ಹರಿಸಿದಾಗ, ಎಕ್ಸ್‌ಚೇಂಜಿಗೆ ಸಮೀಪವಿದ್ದ ಮನೆಗಳಿಗೆ ವೇಗ ಸಿಕ್ಕಿತು. ನಾಲ್ಕೈದು ಕಿಲೋಮೀಟರು ದೂರದ ಮನೆಗೆ ಹೋಗುವಷ್ಟರಲ್ಲಿ ಸಂಕೇತ ಸೊರಗಿಹೋಗುತ್ತಿತ್ತು. ಮಳೆ, ಸಿಡಿಲು, ತುಕ್ಕು, ಕಳ್ಳರು ಎಲ್ಲವೂ ತಾಮ್ರಕ್ಕೆ ಶತ್ರುಗಳೇ. ಗಾಜಿಗೆ ತುಕ್ಕು ಹಿಡಿಯುವುದಿಲ್ಲ. ಕದ್ದು ಮಾರಿದರೆ ಅದಕ್ಕೆ ಬೆಲೆಯೂ ಇಲ್ಲ.

ಮನೆಗೆ ಬರುವ ಫೈಬರಿನ ಏರ್ಪಾಡು ಬಹಳ ಸರಳವಾದುದು. ಎಕ್ಸ್‌ಚೇಂಜಿನಿಂದ ಒಂದೇ ಎಳೆ ಹೊರಡುತ್ತದೆ. ಅದರ ಹೊರ ದಪ್ಪ ಒಂದು ಮಿಲಿಮೀಟರಿನ ಎಂಟನೆಯ ಒಂದು ಪಾಲು. ಬೆಳಕು ಸಾಗುವ ಒಳತಿರುಳು ಅದಕ್ಕಿಂತಲೂ ಎಷ್ಟೋ ಸಣ್ಣದು. ಊರಿನ ಹತ್ತಿರ ಒಂದು ಪುಟ್ಟ ಪೆಟ್ಟಿಗೆಯಲ್ಲಿ ಆ ಬೆಳಕನ್ನು 32 ಅಥವಾ 64 ಕವಲುಗಳಾಗಿ ಒಡೆಯುತ್ತಾರೆ. ಈ ಪೆಟ್ಟಿಗೆಗೆ ವಿದ್ಯುತ್ತು ಬೇಕಾಗಿಲ್ಲ. ಒಂದೊಂದು ಕವಲೂ ಒಂದೊಂದು ಮನೆಗೆ ಹೋಗುತ್ತದೆ. ಮನೆಯಲ್ಲಿರುವ ಚಿಕ್ಕ ಯಂತ್ರವು ಬೆಳಕಿನ ಮಿನುಗನ್ನು ಕಂಪ್ಯೂಟರಿಗೆ ತಿಳಿಯುವ ಸಂಕೇತವನ್ನಾಗಿ ಮಾರ್ಪಡಿಸುತ್ತದೆ. ಈಗ ಸಾಮಾನ್ಯವಾಗಿರುವ ಪದ್ಧತಿಯಲ್ಲಿ ಒಂದು ಎಳೆಯ ಮೇಲೆ ಸೆಕೆಂಡಿಗೆ ಸುಮಾರು 250 ಕೋಟಿ ಸಂಕೇತಗಳು ಮನೆಗಳ ಕಡೆಗೆ ಹರಿಯುತ್ತವೆ. ಬರುವುದಕ್ಕೆ ಒಂದು ಬಣ್ಣದ ಬೆಳಕು, ಹೋಗುವುದಕ್ಕೆ ಇನ್ನೊಂದು. ಮನೆಗಳಿಂದ ಹೊರಡುವ ಸಂಕೇತಗಳು ಮಾತ್ರ ಸರದಿಯಂತೆ ಹೋಗಬೇಕು, ಮಾರುಕಟ್ಟೆಯ ತಕ್ಕಡಿಗೆ ಒಬ್ಬೊಬ್ಬರ ಕೊಬ್ಬರಿ ಚೀಲ ಸರದಿಯಲ್ಲಿ ಏರುವಂತೆ. ಮುಂದೆ ಇನ್ನೂ ಹೆಚ್ಚು ವೇಗ ಬೇಕಾದರೆ ಎರಡು ತುದಿಯ ಯಂತ್ರಗಳನ್ನು ಬದಲಾಯಿಸಿದರೆ ಸಾಕು. ಹೂತ ಎಳೆಯನ್ನು ಕೀಳಬೇಕಾಗಿಲ್ಲ.

ಇನ್ನು ನಮ್ಮ ದೇಶದ ವಿಚಾರ. 1995ರ ಆಗಸ್ಟ್ 15ರಂದು ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆಯಿತು. ಆದರೆ ಅದು ಪಟ್ಟಣದ ಸೊತ್ತಾಗಿಯೇ ಬಹುಕಾಲ ಉಳಿಯಿತು. 2011ರಲ್ಲಿ ಕೇಂದ್ರ ಸರ್ಕಾರವು ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮುಂದೆ ಅದಕ್ಕೆ ‘ಭಾರತ್‌ನೆಟ್’ ಎಂಬ ಹೆಸರಾಯಿತು. 2017ರ ಡಿಸೆಂಬರ್ ವೇಳೆಗೆ 1 ಲಕ್ಷಕ್ಕೂ ಹೆಚ್ಚು ಪಂಚಾಯಿತಿಗಳಿಗೆ ಎಳೆ ತಲುಪಿ ಮೊದಲ ಹಂತ ಮುಗಿಯಿತು. ಜಗತ್ತಿನಲ್ಲಿಯೇ ದೊಡ್ಡದೆನಿಸುವ ಗ್ರಾಮೀಣ ಯೋಜನೆಗಳಲ್ಲಿ ಇದೂ ಒಂದು ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ಇಲ್ಲೊಂದು ಮಾತನ್ನು ಗಮನಿಸಬೇಕು. ಯೋಜನೆಯ ಗುರಿ ಪಂಚಾಯಿತಿ ಕಚೇರಿಯೇ ಹೊರತು ಮನೆಯಲ್ಲ. ಹೇಮಾವತಿ ನಾಲೆಯನ್ನು ಬಲ್ಲ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ದೊಡ್ಡ ನಾಲೆಯಲ್ಲಿ ನೀರು ಹರಿದರೆ ಸಾಲದು, ಕೆರೆಗೆ ಬರಬೇಕು; ಕೆರೆ ತುಂಬಿದರೆ ಸಾಲದು, ತೂಬಿನಿಂದ ತೋಟದ ಬುಡಕ್ಕೆ ಬರಬೇಕು. ಪಂಚಾಯಿತಿ ಕಟ್ಟಡಕ್ಕೆ ಬಂದ ಫೈಬರ್ ತುಂಬಿದ ಕೆರೆಯಂತೆ. ತೂಬು ಎತ್ತುವವರಿಲ್ಲದಿದ್ದರೆ ಅದು ಕಣ್ಣಿಗೆ ತಂಪು ಮಾತ್ರ. ನಮ್ಮ ಸೀಮೆಯಲ್ಲಿ ಈ ಕಷ್ಟ ಹೆಚ್ಚು. ಏಕೆಂದರೆ ಇಲ್ಲಿ ಎಷ್ಟೋ ಮನೆಗಳು ಊರೊಳಗಿಲ್ಲ. ಒಂದೊಂದು ತೋಟದಲ್ಲಿ ಒಂದೊಂದು ಮನೆ. ಪಟ್ಟಣದ ಬೀದಿಯಲ್ಲಿ ನೂರು ಮೀಟರು ಎಳೆಗೆ ಹತ್ತಾರು ಮನೆ ಸಿಕ್ಕರೆ ಇಲ್ಲಿ ಅರ್ಧ ಕಿಲೋಮೀಟರಿಗೆ ಒಂದು ಮನೆ ಸಿಗಬಹುದು. ಖರ್ಚು ಹೆಚ್ಚು, ಆದಾಯ ಕಡಿಮೆ ಎಂದು ಕಂಪನಿಗಳು ಹಿಂಜರಿಯುವುದು ಸಹಜ.

ಇದರ ಪರಿಣಾಮವನ್ನು ನಾನೇ ಉಂಡಿದ್ದೇನೆ. 2020–21ರಲ್ಲಿ, ಕೊರೋನಾ ಕಾಲದಲ್ಲಿ, ನಾನು ಹತ್ತನೆಯ ತರಗತಿಯಲ್ಲಿದ್ದೆ. ಪಾಠಗಳು ಫೋನಿನಲ್ಲಿ ಬರುತ್ತಿದ್ದವು. ನಮ್ಮ ತೋಟದ ಮನೆಯಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. ಕೆರೆ ಏರಿಯ ಮೇಲೆ ಹೋಗಿ ಕುಳಿತರೆ ಸಿಗುತ್ತಿತ್ತು. ನಾವು ನಾಲ್ಕು ಜನ ಹುಡುಗರು ಒಂದೇ ಫೋನಿನ ಸುತ್ತ ಕುಳಿತು ಗಣಿತ ಕಲಿತೆವು. ಪಕ್ಕದ ತೋಟದ ಹುಡುಗಿಯೂ ನಮ್ಮ ತರಗತಿಯವಳೇ. ಸಂಜೆಯ ಹೊತ್ತು ಏರಿಗೆ ಅವಳನ್ನು ಮನೆಯವರು ಕಳುಹಿಸುತ್ತಿರಲಿಲ್ಲ. ನಾನು ಬರೆದುಕೊಂಡ ಲೆಕ್ಕಗಳನ್ನು ಮರುದಿನ ಅವಳು ನೋಡಿ ಬರೆದುಕೊಳ್ಳುತ್ತಿದ್ದಳು; ನಾನು ಮಾಡಿದ ತಪ್ಪುಗಳೂ ಅವಳ ಪುಸ್ತಕಕ್ಕೆ ಹೋದವು. ಅದೇ ಸಮಯದಲ್ಲಿ ಪಂಚಾಯಿತಿ ಕಟ್ಟಡದ ಗೋಡೆಯ ಮೇಲೆ ಫೈಬರಿನ ಪೆಟ್ಟಿಗೆ ತೂಗುತ್ತಿತ್ತು. ಅದನ್ನು ತಿಳಿದ ನಮ್ಮ ತಂದೆಯವರು, “ಅಲ್ಲಿಗಂಟ ಬಂದೈತಲ್ಲ, ಇಲ್ಲಿಗ್ ಬರೋಕೆ ಅದಕ್ಕೇನ್ ಕಾಲ್ನೋವಾ ಮಗಾ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ತಂತಿ ಹಾದುಹೋದ ದಾರಿಯ ಹಳ್ಳಿಗಳು ಮಾತ್ರ ಹರಳೆಣ್ಣೆ, ಸೀಮೆಎಣ್ಣೆಗಳ ದೀಪದಲ್ಲಿ ದಶಕಗಟ್ಟಲೆ ಕಾದವು. ಮುಂದೆ ತೋಟದ ಪಂಪುಸೆಟ್ಟಿಗೆ ಕಂಬ ನೆಟ್ಟಾಗ ಒಂದೊಂದು ಕಂಬಕ್ಕೂ ಎಷ್ಟು ಲಾಭ ಎಂದು ಲೆಕ್ಕ ಹಾಕಿದ್ದರೆ ಇಂದು ಈ ಸೀಮೆಯಲ್ಲಿ ಇಷ್ಟು ತೆಂಗು ಇರುತ್ತಿರಲಿಲ್ಲ. ಫೈಬರನ್ನೂ ಅದೇ ದೃಷ್ಟಿಯಿಂದ ನೋಡಬೇಕಾಗಿದೆ.

ಅರ್ಧ ದಾರಿಯಲ್ಲಿ ನಿಂತರೆ ಆಗುವ ನಷ್ಟಕ್ಕೆ ಆಸ್ಟ್ರೇಲಿಯಾ ದೇಶವೇ ನಿದರ್ಶನ. 2009ರಲ್ಲಿ ಆ ದೇಶವು ನೂರಕ್ಕೆ 90ರಷ್ಟು ಮನೆಗಳಿಗೆ ಫೈಬರ್ ಕೊಡುವುದಾಗಿ ಘೋಷಿಸಿತು. 2013ರಲ್ಲಿ ಸರ್ಕಾರ ಬದಲಾಯಿತು. ಖರ್ಚು ಉಳಿಸಲೆಂದು ಅನೇಕ ಕಡೆ ಬೀದಿಯ ಪೆಟ್ಟಿಗೆಯವರೆಗೆ ಮಾತ್ರ ಫೈಬರ್ ತಂದು, ಅಲ್ಲಿಂದ ಮನೆಗೆ ಹಳೆಯ ತಾಮ್ರವನ್ನೇ ಬಿಟ್ಟರು. ಕೊನೆಗೆ 2020ರಲ್ಲಿ ಮತ್ತೆ ಹಣ ಕೂಡಿಸಿ ಅಂತಹ ಬಡಾವಣೆಗಳಿಗೆ ಫೈಬರನ್ನು ಮುಂದುವರಿಸಲು ನಿರ್ಧರಿಸಬೇಕಾಯಿತು. ಒಂದು ಕೆಲಸಕ್ಕೆ ಎರಡು ಕೂಲಿ!

“ಕೈಯಲ್ಲಿ ಮೊಬೈಲ್ ಇರುವಾಗ ಮನೆಗೆ ತಂತಿ ಏಕೆ?” ಎಂದು ಕೆಲವರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಆದರೆ ಮೊಬೈಲಿನ ಗೋಪುರವೂ ವೇಗವಾಗಿ ಕೆಲಸ ಮಾಡಬೇಕಾದರೆ ಅದರ ಬುಡಕ್ಕೆ ಫೈಬರ್ ಬರಬೇಕು. ಗೋಪುರದ ಅಲೆಯನ್ನು ಸುತ್ತಲಿನವರೆಲ್ಲ ಹಂಚಿಕೊಳ್ಳಬೇಕು. ಸಂಜೆ ಎಲ್ಲರೂ ಒಟ್ಟಿಗೆ ಕೈಹಾಕಿದಾಗ ಒಬ್ಬೊಬ್ಬರ ಪಾಲು ಕಿರಿದಾಗುತ್ತದೆ. ದಟ್ಟವಾದ ತೋಟದ ಗರಿಗಳೂ, ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡಗಳೂ ಅಲೆಯನ್ನು ತಡೆಯುತ್ತವೆ. ಹೊರಗೆ ಓಡಾಡುವಾಗ ಮೊಬೈಲ್ ಬೇಕು. ಮನೆಯೊಳಗೆ ಕುಳಿತು ಓದುವುದಕ್ಕೆ, ದುಡಿಯುವುದಕ್ಕೆ ಫೈಬರ್ ಬೇಕು. ಇವೆರಡೂ ಒಂದಕ್ಕೊಂದು ಪೂರಕ.

ಮನೆಯಲ್ಲಿ ಅದರ ಉಪಯೋಗವೇನೆಂಬುದನ್ನೂ ಹೇಳಬೇಕು. ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಿದ ಕೊಬ್ಬರಿಗೆ ತಿಪಟೂರು ಮಾರುಕಟ್ಟೆಯಲ್ಲಿ ಈಗ ಕಂಪ್ಯೂಟರಿನ ಮೂಲಕವೇ ಟೆಂಡರ್ ನಡೆಯುತ್ತದೆ. ಧಾರಣೆ ವರ್ತಕನಿಗೆ ತಿಳಿಯುವ ಹೊತ್ತಿಗೇ ಬೆಳೆಗಾರನಿಗೂ ತಿಳಿಯಬೇಕು. ಪಹಣಿ, ವಿದ್ಯಾರ್ಥಿವೇತನದ ಅರ್ಜಿ, ನಮ್ಮ ಪರೀಕ್ಷೆಯ ಅರ್ಜಿ, ಎಲ್ಲವೂ ಇಂಟರ್‌ನೆಟ್ಟಿನ ಮೂಲಕವೇ. ಒಂದು ಅರ್ಜಿಗಾಗಿ ಕೂಲಿ ಬಿಟ್ಟು ಬಸ್ಸು ಹತ್ತಿ ಬಂದು, “ಸರ್ವರ್ ಇಲ್ಲ, ನಾಳೆ ಬನ್ನಿ” ಎಂಬ ಮಾತು ಕೇಳಿ ಹಿಂದಿರುಗಿದ ತಂದೆತಾಯಿಯರು ನಮ್ಮ ಕಾಲೇಜಿನ ಎಷ್ಟು ಮಂದಿಗಿಲ್ಲ?

ಸಂತೋಷದ ಸಂಗತಿಯೆಂದರೆ ಸರ್ಕಾರವು ಈ ಕೊರತೆಯನ್ನು ಕಂಡುಕೊಂಡಿದೆ. 2023ರ ಆಗಸ್ಟಿನಲ್ಲಿ ಕೇಂದ್ರ ಸಚಿವ ಸಂಪುಟವು 1,39,579 ಕೋಟಿ ರೂಪಾಯಿಗಳ ತಿದ್ದುಪಡಿಯಾದ ಭಾರತ್‌ನೆಟ್ ಯೋಜನೆಗೆ ಒಪ್ಪಿಗೆ ನೀಡಿತು. ಇದರಲ್ಲಿ ಮೂರು ಮುಖ್ಯ ಅಂಶಗಳಿವೆ. ಮೊದಲನೆಯದಾಗಿ, ಹಿಂದೆ ಎಳೆಯು ಒಂದೇ ದಾರಿಯಲ್ಲಿ ಹೋಗುತ್ತಿತ್ತು. ನಡುವೆ ಕಡಿದರೆ ಮುಂದಿನ ಪಂಚಾಯಿತಿಗಳೆಲ್ಲ ಕತ್ತಲು. ಇನ್ನು ಮುಂದೆ ಅದನ್ನು ಬಳೆಯಾಕಾರದಲ್ಲಿ ಜೋಡಿಸುತ್ತಾರೆ. ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಬೆಳಕು ಬರುತ್ತದೆ. ಎರಡನೆಯದಾಗಿ, ಪಂಚಾಯಿತಿ ಕೇಂದ್ರವಲ್ಲದ ಸುಮಾರು 3.8 ಲಕ್ಷ ಹಳ್ಳಿಗಳಿಗೂ, ಕೇಳಿದವರಿಗೆ, ಸಂಪರ್ಕ ಕೊಡಬೇಕು. ಮೂರನೆಯದಾಗಿ, ಹಾಕಿದ ಎಳೆಯನ್ನು ಹತ್ತು ವರ್ಷ ನೋಡಿಕೊಳ್ಳುವ ಹೊಣೆಯೂ ಗುತ್ತಿಗೆಯಲ್ಲಿ ಸೇರಿದೆ.

ಆದರೆ “ಕೇಳಿದವರಿಗೆ” ಎಂಬ ಮಾತಿನಲ್ಲಿಯೇ ನಮ್ಮ ಕರ್ತವ್ಯವೂ ಅಡಗಿದೆ. ಕೇಳದವರಿಗೆ ಬಾರದು. ಒಂಟಿ ಮನೆಯೊಂದು ಅರ್ಜಿ ಹಾಕಿದರೆ ಖರ್ಚಿನ ಮಾತು ಬರುತ್ತದೆ. ಒಂದು ದಾರಿಯ ಇಪ್ಪತ್ತು ತೋಟದ ಮನೆಗಳು ಕೂಡಿ ಕೇಳಿದರೆ ಆ ಮಾತಿನ ಬಲ ಕುಗ್ಗುತ್ತದೆ. ಗ್ರಾಮಸಭೆಯಲ್ಲಿ ರಸ್ತೆ, ನೀರು, ದೀಪಗಳೊಂದಿಗೆ ಇದನ್ನೂ ಕೇಳಬೇಕು. ಪಂಚಾಯಿತಿಯಲ್ಲಿರುವ ಯಂತ್ರಕ್ಕೆ ಕರೆಂಟು ಹೋದಾಗಲೂ ಬ್ಯಾಟರಿ ಇದೆಯೇ ಎಂದು ವಿಚಾರಿಸಬೇಕು. ನೀರಿನ ಪೈಪಿಗೋ ರಸ್ತೆಗೋ ನೆಲ ಅಗೆಯುವ ಮುನ್ನ ಕೆಳಗೆ ಕೇಬಲ್ ಇದೆಯೇ ಎಂದು ತಿಳಿಯಲು 2023ರ ಮಾರ್ಚ್‌ನಲ್ಲಿ ಒಂದು ಆ್ಯಪ್ ಬಂದಿದೆ. ಅದನ್ನು ನೋಡಿ ಅಗೆಯಿರೆಂದು ಜೆಸಿಬಿಯವರಿಗೆ ಹೇಳಬೇಕು. ಹಳ್ಳಿಯವರೇ ಮನೆಗಳಿಗೆ ಸಂಪರ್ಕ ಕೊಟ್ಟು, ದುರಸ್ತಿ ನೋಡಿಕೊಂಡು, ಬಂದ ಹಣದಲ್ಲಿ ಪಾಲು ಪಡೆಯುವ ‘ಭಾರತ್‌ನೆಟ್ ಉದ್ಯಮಿ’ ಎಂಬ ವ್ಯವಸ್ಥೆಯೂ ಇದೆ. ಕಡಿದ ಎರಡು ಗಾಜಿನ ಎಳೆಗಳನ್ನು ವಿದ್ಯುತ್ ಕಿಡಿಯಿಂದ ಕರಗಿಸಿ ಬೆಸೆಯುವ ವಿದ್ಯೆ ಕೆಲವು ವಾರಗಳ ಅಭ್ಯಾಸದಿಂದ ಬರತಕ್ಕದ್ದು. ಪದವಿ ಪಡೆದು ಬೆಂಗಳೂರಿನ ದಾರಿ ಹಿಡಿಯುವ ನಮ್ಮ ಗೆಳೆಯರಲ್ಲಿ ಕೆಲವರಾದರೂ ಈ ಕೆಲಸವನ್ನು ಯೋಚಿಸಬಾರದೇಕೆ?

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆ ನಮ್ಮಲ್ಲಿದೆ. ಸಮುದ್ರದಡಿಯ ಕೇಬಲಿನಿಂದ ಪಂಚಾಯಿತಿ ಬಾಗಿಲವರೆಗೆ ಸಾವಿರಾರು ಕಿಲೋಮೀಟರು ನಡೆದು ಬಂದ ಬೆಳಕು ಕೊನೆಯ ಒಂದೆರಡು ಕಿಲೋಮೀಟರಿನಲ್ಲಿ ನಿಂತುಹೋಗಬಾರದು. ದೇಶದ ಸಾಧನೆಯನ್ನು ಅಳೆಯಬೇಕಾದುದು ಹೂತ ಕೇಬಲಿನ ಉದ್ದದಿಂದಲ್ಲ. ಹುಡುಗಿಯೊಬ್ಬಳು ತನ್ನ ತೋಟದ ಮನೆಯ ಪಡಸಾಲೆಯಲ್ಲಿಯೇ ಕುಳಿತು, ಇನ್ನೊಬ್ಬರ ತಪ್ಪನ್ನು ನಕಲು ಮಾಡದೆ, ತನ್ನ ಪಾಠವನ್ನು ತಾನೇ ಕೇಳಬಲ್ಲಳೆ ಎಂಬುದರಿಂದ. ಆ ದಿನ ಬೇಗ ಬರಲಿ. ಅದು ಬರುವಂತೆ ಮಾಡುವ ಕೆಲಸದಲ್ಲಿ ನಮ್ಮ ಪಾಲೂ ಇರಲಿ.